ಲಾರ್ಡ್ ಸಾಹೇಬನನ್ನು ಹೆಗ್ಗಡೆ ಮಾಡಿದ ಮೇಷ್ಟ್ರು: ಬಿ.ಎಂ.ಶ್ರೀ.

ಈ ಸಂಚಿಕೆಗೆ ನಾಡಿನ ಹಿರಿಯರೊಬ್ಬರ ಜೀವನದ ಬಗ್ಗೆ ಬರೆದುಕೊಡಬೇಕೆಂದು ಕನ್ನಡ ಸರ್ ಹೇಳಿದಾಗ ನನ್ನ ಗೆಳತಿಯರು ಒಂದೇ ನಿಮಿಷದಲ್ಲಿ ಹೆಸರುಗಳನ್ನು ಹಂಚಿಕೊಂಡುಬಿಟ್ಟರು. ಒಬ್ಬಳಿಗೆ ಅಬ್ದುಲ್ ಕಲಾಂ, ಇನ್ನೊಬ್ಬಳಿಗೆ ನಮ್ಮ ದೇವನಹಳ್ಳಿಯಲ್ಲೇ ಹುಟ್ಟಿದ ಟಿಪ್ಪು ಸುಲ್ತಾನ್. ನಾನು ಬಿ.ಎಂ. ಶ್ರೀಕಂಠಯ್ಯ ಎಂದೆ. ಕಾಮರ್ಸ್ ಹುಡುಗಿಗೆ ಇವರೇಕೆ ಬೇಕಾದರು ಎಂದು ಸರ್ ನಕ್ಕರು. ಕಾರಣ ಹೇಳಲು ಆಗ ನಾಚಿಕೆಯಾಯಿತು. ಇಲ್ಲಿ ಹೇಳುತ್ತೇನೆ.

ನಾನು ಹತ್ತನೇ ತರಗತಿಯವರೆಗೆ ಓದಿದ್ದು ದೊಡ್ಡಬಳ್ಳಾಪುರದಲ್ಲಿ, ಕನ್ನಡ ಮಾಧ್ಯಮದಲ್ಲಿ. ಮನೆಯಲ್ಲಿ ಮಾತು ದಖನಿ ಉರ್ದು. ಫಸ್ಟ್ ಪಿಯುಸಿಗೆ ಬಂದಾಗ ಪುಸ್ತಕವೆಲ್ಲ ಇಂಗ್ಲಿಷ್. ಅಕೌಂಟೆನ್ಸಿಯಲ್ಲಿ 'ಇಂಟರೆಸ್ಟ್ ಆನ್ ಕ್ಯಾಪಿಟಲ್' ಎಂದು ಬಂತು. ನಾನು ಡಿಕ್ಷನರಿ ತೆಗೆದು ಎರಡೂ ಪದಗಳ ಅರ್ಥ ನೋಡಿ ನೋಟ್ಸಿನ ಪಕ್ಕದಲ್ಲಿ 'ರಾಜಧಾನಿಯ ಮೇಲಿನ ಆಸಕ್ತಿ' ಎಂದು ಬರೆದುಕೊಂಡೆ. ಒಂದು ವಾರ ಅದನ್ನೇ ಓದಿದೆ. ಲೆಕ್ಕದಲ್ಲಿ ರಾಜಧಾನಿ ಎಲ್ಲಿಂದ ಬಂತು ಎಂದು ಕೇಳಲೂ ಭಯ. ಪಕ್ಕದ ಬೆಂಚಿನವಳು ನೋಡಿ ಜೋರಾಗಿ ಓದಿದಳು, ಇಡೀ ಕ್ಲಾಸು ನಕ್ಕಿತು. ಬಂಡವಾಳದ ಮೇಲಿನ ಬಡ್ಡಿ ಎಂದು ಗೊತ್ತಾದಾಗ ನನಗೂ ನಗು ಬರಬೇಕಿತ್ತು, ಅಳು ಬಂತು. ಬಡ್ಡಿ ಎಂದರೆ ಏನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಮನೆಯಲ್ಲಿ ತಿಂಗಳು ತಿಂಗಳೂ ಕೇಳುವ ಮಾತು. ಗೊತ್ತಿರುವುದನ್ನೇ ಗೊತ್ತಿಲ್ಲದವಳ ಹಾಗೆ ಕೂತುಕೊಳ್ಳಬೇಕಾಯಿತಲ್ಲ ಎಂದು ಬೇಜಾರು. ಆ ಆಗಸ್ಟ್ ತಿಂಗಳಲ್ಲಿ ಓದು ಬಿಟ್ಟು ಟೈಲರಿಂಗ್ ಕಲಿಯುತ್ತೇನೆ ಎಂದು ಅಮ್ಮಿಗೆ ಹೇಳಿಯೂ ಇದ್ದೆ.

ಆ ದಿನಗಳಲ್ಲಿ ಊಟದ ಬಿಡುವಿನಲ್ಲಿ ಯಾರ ಜೊತೆಗೂ ಸೇರದೆ ಲೈಬ್ರರಿಗೆ ಹೋಗುತ್ತಿದ್ದೆ. ಅಲ್ಲಿ 'ಇಂಗ್ಲಿಷ್ ಗೀತಗಳು' ಎಂಬ ತೆಳ್ಳನೆಯ ಪುಸ್ತಕ ಸಿಕ್ಕಿತು. ಹೆಸರು ನೋಡಿ ಇಂಗ್ಲಿಷ್ ಪುಸ್ತಕವೆಂದು ತೆಗೆದರೆ ಒಳಗೆಲ್ಲ ಕನ್ನಡ. ಪುಟ ತಿರುಗಿಸುತ್ತಾ ಹೋದರೆ 'ಕಾರಿ ಹೆಗ್ಗಡೆಯ ಮಗಳು' ಬಂತು. ಶಾಲೆಯಲ್ಲಿ ರಾಗವಾಗಿ ಹೇಳುತ್ತಿದ್ದ ಪದ್ಯ! ಇದು ಇಂಗ್ಲಿಷಿನಿಂದ ಬಂದದ್ದು ಎಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಹೆಗ್ಗಡೆ ನಮ್ಮ ಮಲೆನಾಡಿನ ಕಡೆಯವನೆಂದೇ ನಂಬಿದ್ದೆ. ಇದನ್ನು ಬರೆದವರು ಯಾರು ಎಂದು ಹುಡುಕಲು ಶುರು ಮಾಡಿದ್ದು ಹಾಗೆ.

ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು ಹುಟ್ಟಿದ್ದು 1884ರ ಜನವರಿ 3ರಂದು, ಈಗಿನ ತುಮಕೂರು ಜಿಲ್ಲೆ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಅದು ತಾಯಿಯ ತವರು. ತಂದೆಯ ಕಡೆಯ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರು. ವಕೀಲ ಎಂಬ ಮಾತು ಅರಬ್ಬಿಯಿಂದ ಫಾರಸಿಗೆ, ಅಲ್ಲಿಂದ ಕನ್ನಡಕ್ಕೆ ಬಂದದ್ದು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಹುಡುಗ ಶ್ರೀಕಂಠಯ್ಯ ಓದಲು ಶುರು ಮಾಡಿದ್ದು ಆ ಕೋಟೆಯ ಊರಿನಲ್ಲಿ. ಆಮೇಲೆ ಮೈಸೂರು. ಬಿ.ಎ. ಮಾಡಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, 1903ರಲ್ಲಿ. ಮೆಜೆಸ್ಟಿಕ್‌ಗೆ ಹೋದಾಗ ಮೈಸೂರು ಬ್ಯಾಂಕ್ ಸರ್ಕಲ್ ಕಡೆ ನಡೆದರೆ ಆ ಹಳೆಯ ಕಲ್ಲಿನ ಕಟ್ಟಡ ಈಗಲೂ ಕಾಣುತ್ತದೆ. ಮುಂದೆ ಮದ್ರಾಸಿಗೆ ಹೋಗಿ 1906ರಲ್ಲಿ ಬಿ.ಎಲ್., 1907ರಲ್ಲಿ ಎಂ.ಎ. ಮುಗಿಸಿದರು. ಆಗ ಮೈಸೂರಿಗೆ ತನ್ನದೇ ವಿಶ್ವವಿದ್ಯಾನಿಲಯ ಇರಲಿಲ್ಲ, ಅದು ಬಂದದ್ದು 1916ರಲ್ಲಿ. ಕಾನೂನು ಓದಿದ್ದರೂ ತಂದೆಯ ದಾರಿ ಹಿಡಿಯಲಿಲ್ಲ. 1909ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿಗೆ ಇಂಗ್ಲಿಷ್ ಮೇಷ್ಟ್ರಾಗಿ ಸೇರಿದರು.

ಇಂಗ್ಲಿಷ್ ಮೇಷ್ಟ್ರು ಎಂಬುದನ್ನು ಗಮನಿಸಬೇಕು. ಆ ಕಾಲಕ್ಕೆ ಇಂಗ್ಲಿಷ್ ಬಲ್ಲವರಿಗೆ ನೌಕರಿ, ಮರ್ಯಾದೆ ಎಲ್ಲ ಇತ್ತು. ಅಂಥವರು ಕನ್ನಡದಲ್ಲಿ ಮಾತಾಡುವುದೇ ಕಡಿಮೆ. ಇನ್ನು ಕನ್ನಡ ಪಂಡಿತರು ಬರೆದರೆ ಹಳಗನ್ನಡದ ಧಾಟಿ, ಸಂಸ್ಕೃತದ ಉದ್ದುದ್ದ ಪದಗಳು. ಸಂತೆಗೆ ಹೋಗುವವನಿಗೆ ಅದು ತಿಳಿಯದು. ಕಲಿತವನ ಭಾಷೆ ಒಂದು ಕಡೆ, ಮನೆಯ ಭಾಷೆ ಇನ್ನೊಂದು ಕಡೆ. ನಮ್ಮ ಕ್ಲಾಸಿನಂತೆಯೇ!

1911ರಲ್ಲಿ ಇಪ್ಪತ್ತೇಳು ವರ್ಷದ ಈ ಮೇಷ್ಟ್ರನ್ನು ಧಾರವಾಡದ ವಿದ್ಯಾವರ್ಧಕ ಸಂಘದವರು ಭಾಷಣಕ್ಕೆ ಕರೆದರು. ಆಗ ಧಾರವಾಡ ಬೊಂಬಾಯಿ ಪ್ರಾಂತಕ್ಕೆ ಸೇರಿತ್ತು. ಕನ್ನಡ ಮಾತು ತಲೆಯೆತ್ತುವ ಬಗೆ ಎಂಬುದು ವಿಷಯ. ಜನ ಆಡುವ ಜೀವಂತ ಕನ್ನಡದಲ್ಲೇ ಬರೆಯಬೇಕು, ಇಂಗ್ಲಿಷಿನಲ್ಲಿ ಇರುವ ಒಳ್ಳೆಯದನ್ನು ಆ ಕನ್ನಡಕ್ಕೆ ತಂದುಕೊಳ್ಳಬೇಕು ಎಂಬುದು ಅವರ ವಾದದ ತಿರುಳು. ಈಗ ಕೇಳಿದರೆ ಇದರಲ್ಲೇನು ದೊಡ್ಡದು ಎನಿಸಬಹುದು. ಆಗ ಅದನ್ನು ಹೇಳಿದ್ದು ಇಂಗ್ಲಿಷಿನಿಂದ ಅನ್ನ ತಿನ್ನುತ್ತಿದ್ದ ಮನುಷ್ಯ.

ಹೇಳಿದ ಮೇಲೆ ಮಾಡಿ ತೋರಿಸಬೇಕಲ್ಲ. ತಾನು ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದ ಇಂಗ್ಲಿಷ್ ಪದ್ಯಗಳನ್ನೇ ಕನ್ನಡಕ್ಕೆ ತರಲು ಕೂತರು. ಅದರ ಫಲವೇ 1926ರಲ್ಲಿ ಬಂದ 'ಇಂಗ್ಲಿಷ್ ಗೀತಗಳು'. ಬರ್ನ್ಸ್, ಷೆಲ್ಲಿ, ವರ್ಡ್ಸ್‌ವರ್ತ್ ಮೊದಲಾದವರ ಸುಮಾರು ಅರವತ್ತು ಪದ್ಯಗಳು ಅದರಲ್ಲಿವೆ.

ಕಾರಿ ಹೆಗ್ಗಡೆಯ ಪದ್ಯಕ್ಕೆ ಬರುತ್ತೇನೆ, ನನಗೆ ಅದೇ ಇಷ್ಟ. ಮೂಲ ಬರೆದವನು ಸ್ಕಾಟ್ಲೆಂಡಿನ ಕವಿ ಥಾಮಸ್ ಕ್ಯಾಂಪ್‌ಬೆಲ್, ಹೆಸರು 'ಲಾರ್ಡ್ ಅಲ್ಲಿನ್ಸ್ ಡಾಟರ್'. ಗುಡ್ಡನಾಡಿನ ಒಬ್ಬ ನಾಯಕ ಲಾರ್ಡನ ಮಗಳನ್ನು ಕರೆದುಕೊಂಡು ಓಡಿಬಂದಿದ್ದಾನೆ. ಹಿಂದೆ ಅಪ್ಪನ ಕುದುರೆ ಸವಾರರು, ಮುಂದೆ ಬಿರುಗಾಳಿ ಎದ್ದ ನೀರು. ದೋಣಿಯವನನ್ನು ಕೂಗುತ್ತಾನೆ, ದಾಟಿಸಿದರೆ ಬೆಳ್ಳಿಯ ಪೌಂಡು ಕೊಡುತ್ತೇನೆ ಎನ್ನುತ್ತಾನೆ. ದೋಣಿಯವನು ಹಣಕ್ಕಲ್ಲ, ಆ ಹುಡುಗಿಗಾಗಿ ಒಪ್ಪುತ್ತಾನೆ. ನಡುನೀರಿನಲ್ಲಿ ದೋಣಿ ಮುಳುಗುತ್ತದೆ. ದಡಕ್ಕೆ ಬಂದ ಅಪ್ಪನ ಕೋಪ ಅಳುವಾಗುತ್ತದೆ, ಆದರೆ ತಡವಾಗಿ.

ಇಂಗ್ಲಿಷ್ ಮೂಲವನ್ನು ಒಬ್ಬ ಮೇಡಂ ಹುಡುಕಿಕೊಟ್ಟರು. ಎರಡನ್ನೂ ಪಕ್ಕ ಪಕ್ಕ ಇಟ್ಟು ಒಂದೊಂದೇ ಪದ ನೋಡಿದೆ. ಡಿಕ್ಷನರಿಯಲ್ಲಿ 'ಲಾರ್ಡ್' ಎಂದರೆ ಒಡೆಯ, ಪ್ರಭು, ಭಗವಂತ. ಬಿ.ಎಂ.ಶ್ರೀ. ಯಾವುದನ್ನೂ ತೆಗೆದುಕೊಂಡಿಲ್ಲ. ಅವರ ಲಾರ್ಡು ಹೆಗ್ಗಡೆ. 'ಚೀಫ್‌ಟನ್' ಎಂಬುವನು ಪಡುವಣ ದಿಬ್ಬದ ಗೌಡನಾಗಿದ್ದಾನೆ. ದೋಣಿಯವನು ತೊರೆಯನಾಗಿದ್ದಾನೆ. ಆ ಪೌಂಡು? ಹೊನ್ನು! ನಾನು ನೋಟ್ಸಿನಲ್ಲಿ ಮಾಡಿದ್ದ ತಪ್ಪು ಏನೆಂದು ಆ ಪದ ನೋಡಿದಾಗ ಹೊಳೆಯಿತು. ನಾನು ಪದದ ಅರ್ಥ ಹುಡುಕಿದ್ದೆ. ಅವರು, ಅವಸರದಲ್ಲಿ ದಡದ ಮೇಲೆ ನಿಂತವನು ನಮ್ಮ ಕಡೆಯವನಾಗಿದ್ದರೆ ಏನೆಂದು ಕೂಗುತ್ತಿದ್ದ ಎಂದು ಕೇಳಿಕೊಂಡಿದ್ದಾರೆ. ಬಂಡವಾಳ ಹಾಕಿದವನು ದೊಡ್ಡಬಳ್ಳಾಪುರದ ಪೇಟೆಯಲ್ಲಿ ಕೂತು ತನಗೆ ಬರಬೇಕಾದದ್ದನ್ನು ಏನೆಂದು ಕರೆಯುತ್ತಾನೆ? ಹಾಗೆ ಕೇಳಿಕೊಂಡಿದ್ದರೆ ನನ್ನ ನೋಟ್ಸಿನೊಳಗೆ ರಾಜಧಾನಿ ಬರುತ್ತಲೇ ಇರಲಿಲ್ಲ.

ಇನ್ನೊಂದು ಪದ್ಯ 'ಮಾದ–ಮಾದಿ'. ಅದೂ ಸ್ಕಾಟ್ಲೆಂಡಿನದೇ, ಲೇಡಿ ಆನ್ ಲಿಂಡ್ಸೆ ಎಂಬಾಕೆ ಬರೆದ ಹಾಡು. ಬಡತನದಿಂದಾಗಿ ಪ್ರೀತಿಸಿದವನನ್ನು ಬಿಟ್ಟು ಮುದುಕನನ್ನು ಮದುವೆಯಾಗಬೇಕಾದ ಹುಡುಗಿಯ ಕಥೆ. ರಾಬಿನ್ ಎಂದೋ ಜೇಮೀ ಎಂದೋ ಬಿಟ್ಟಿದ್ದರೆ ನಾವು ದೂರದಿಂದ ನೋಡುತ್ತಿದ್ದೆವು. ಮಾದ, ಮಾದಿ ಎಂದರೆ ಪಕ್ಕದ ಹಳ್ಳಿಯವರು.

ಎಲ್ಲ ಕಡೆಯೂ ಅವರು ಹೀಗೇ ಗೆದ್ದಿದ್ದಾರೆ ಎಂದು ನಾನು ಹೇಳುವುದಿಲ್ಲ. ಥಾಮಸ್ ಹುಡ್ ಬರೆದ 'ಬ್ರಿಡ್ಜ್ ಆಫ್ ಸೈಸ್' ಅವರಲ್ಲಿ 'ದುಃಖಸೇತು' ಆಗಿದೆ. 'ಸೈ' ಎಂದರೆ ನಿಟ್ಟುಸಿರು. ಎಷ್ಟು ಒಳ್ಳೆಯ ಕನ್ನಡ ಮಾತು ಅದು! ಅದನ್ನು ಬಿಟ್ಟು ದುಃಖವನ್ನೇಕೆ ತಂದರೋ ನನಗೆ ಅರ್ಥವಾಗಲಿಲ್ಲ. ಛಂದಸ್ಸಿಗಾಗಿ ಇರಬೇಕು ಎಂದು ಸರ್ ಹೇಳಿದರು. ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ಛಂದಸ್ಸಿನ ವಿಷಯ ಒಂದು ಮಾತಿನಲ್ಲಿ ಮುಗಿಸುತ್ತೇನೆ. ಹಳೆಯ ಪದ್ಯಗಳಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕೆಂಬ ನಿಯಮವಿತ್ತು, ಅದಕ್ಕೆ ಪ್ರಾಸ ಎನ್ನುತ್ತಾರೆ. ಕಾರಿ ಹೆಗ್ಗಡೆಯ ಮೊದಲ ಪದ್ಯದಲ್ಲಿ ಅದು ಇನ್ನೂ ಉಳಿದಿದೆ, ಬೆರಳಿಟ್ಟು ನೋಡಿ. ಆದರೆ ಬೇರೆ ಅನೇಕ ಹಾಡುಗಳಲ್ಲಿ ಅವರು ಅದನ್ನು ಬಿಟ್ಟು, ಮೂರು, ನಾಲ್ಕು, ಐದು ಮಾತ್ರೆಗಳ ಹೊಸ ನಡೆ ಹಾಕಿದರು. ಆಮೇಲೆ ಬಂದ ಕವಿಗಳು ಅದೇ ದಾರಿಯಲ್ಲಿ ನಡೆದರು.

ಇಂಗ್ಲೆಂಡಿನ ಪಾದ್ರಿ ನ್ಯೂಮನ್ 1833ರಲ್ಲಿ ಹಡಗಿನ ಪ್ರಯಾಣದಲ್ಲಿ ಬರೆದ ಪ್ರಾರ್ಥನೆಯನ್ನು ಕನ್ನಡಕ್ಕೆ ತಂದವರೂ ಇವರೇ. ಬೆಳಕನ್ನು ಕೈಹಿಡಿದು ನಡೆಸು ಎಂದು ಕೇಳುವ ಆ ಹಾಡನ್ನು ನಾವೆಲ್ಲ ಶಾಲೆಯ ಪ್ರಾರ್ಥನೆಯಲ್ಲಿ ಹಾಡಿದವರೇ. ಅಲ್ಲಿರುವ 'ಕೈಂಡ್ಲಿ' ಎಂಬ ಪದ ಈಗ ನಾವು ರಜಾ ಅರ್ಜಿಯಲ್ಲಿ ಬರೆಯುವ 'ಕೈಂಡ್ಲಿ ಗ್ರಾಂಟ್ ಮಿ ಲೀವ್' ಎಂಬುದರಲ್ಲಿ ಸತ್ತು ಬಿದ್ದಿದೆ. ಅವರು ಅದನ್ನು ಕರುಣಾಳು ಎಂದರು. ನಾನು ಅರ್ಜಿ ಬರೆಯುವಾಗ ಈಗ ಆ ಪದ ಬಂದರೆ ಒಂದು ಕ್ಷಣ ನಿಲ್ಲುತ್ತೇನೆ.

ಮೇಷ್ಟ್ರ ಕೆಲಸ ಹಾಡಿಗೇ ನಿಲ್ಲಲಿಲ್ಲ. 1926ರಿಂದ ನಾಲ್ಕು ವರ್ಷ ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದರು. ಆ ಅವಧಿಯಲ್ಲೇ, 1927ರಲ್ಲಿ, ಅಲ್ಲಿ ಕನ್ನಡ ಎಂ.ಎ. ಶುರುವಾಯಿತು. ಅದಕ್ಕೆ ಮುಂದೆ ನಿಂತವರಲ್ಲಿ ಇವರು ಮುಖ್ಯರು. ಮೊದಲ ತಂಡದಲ್ಲಿ ಓದಿ 1929ರಲ್ಲಿ ಹೊರಬಂದವರಲ್ಲಿ ಕುವೆಂಪು ಒಬ್ಬರು. ಅದೇ ವರ್ಷ 'ಅಶ್ವತ್ಥಾಮನ್' ನಾಟಕ ಬಂತು. ಗ್ರೀಕ್ ನಾಟಕಕಾರ ಸೊಫೋಕ್ಲಿಸನ 'ಏಜಾಕ್ಸ್' ಅಲ್ಲಿ ಮಹಾಭಾರತದ ಅಶ್ವತ್ಥಾಮನಾಗಿದ್ದಾನೆ. ಪೌಂಡನ್ನು ಹೊನ್ನು ಮಾಡಿದ ಹಾಗೆಯೇ, ಆದರೆ ಇಲ್ಲಿ ಇಡೀ ಮನುಷ್ಯನನ್ನೇ ಬದಲಾಯಿಸಿದ್ದಾರೆ. 1935ರಲ್ಲಿ ಬಂದ 'ಪಾರಸಿಕರು' ಎಸ್ಕಿಲಸ್ ಎಂಬವನ ನಾಟಕ. ಗ್ರೀಕರ ಕೈಯಲ್ಲಿ ಸೋತ ಪರ್ಷಿಯಾದ ಅರಮನೆಯ ಶೋಕವನ್ನು ಗ್ರೀಕನೇ ಬರೆದದ್ದು. ಇಲ್ಲಿ ಮಾತ್ರ ಅವರು ಪರ್ಷಿಯಾದವರನ್ನು ಪರ್ಷಿಯಾದವರಾಗಿಯೇ ಬಿಟ್ಟಿದ್ದಾರೆ.

1928ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಬಿ.ಎಂ.ಶ್ರೀ. ಅಧ್ಯಕ್ಷರು. ಆಗ ಕಲಬುರಗಿ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಇದನ್ನು ಓದುವಾಗ ನನಗೆ ಖುಷಿಯೂ ಆಯಿತು, ಮುಜುಗರವೂ ಆಯಿತು. ಖುಷಿ ಏಕೆಂದರೆ ನಿಜಾಮರು ಅದಕ್ಕೆ ಹತ್ತು ವರ್ಷ ಮೊದಲೇ, 1918ರಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾನಿಲಯ ತೆರೆದು ಉರ್ದುವಿನಲ್ಲೇ ಪಾಠ ಶುರು ಮಾಡಿಸಿದ್ದರು. ಇಂಗ್ಲಿಷಿನ ವಿಜ್ಞಾನ, ಚರಿತ್ರೆ, ಕಾನೂನಿನ ಪುಸ್ತಕಗಳನ್ನು ಉರ್ದುವಿಗೆ ತರಲು ದಾರುಲ್ ತರ್ಜುಮಾ ಎಂಬ ಅನುವಾದ ವಿಭಾಗವನ್ನೇ ಕಟ್ಟಿದ್ದರು. ನಮ್ಮ ನಾನಿಯ ಭಾಷೆಯಲ್ಲಿ ಕೆಮಿಸ್ಟ್ರಿ ಓದುತ್ತಿದ್ದರು ಎಂದರೆ ನನಗೆ ಹೆಮ್ಮೆಯಾಗದಿರುತ್ತದೆಯೇ! ಮುಜುಗರ ಏಕೆಂದರೆ ಅದೇ ಕಲಬುರಗಿ, ರಾಯಚೂರಿನ ಕನ್ನಡದ ಮಕ್ಕಳಿಗೆ ಆ ಉರ್ದು ಪರಭಾಷೆ. ನನಗೆ ಇಂಗ್ಲಿಷ್ ಹೇಗೋ ಅವರಿಗೆ ನನ್ನ ಭಾಷೆ ಹಾಗೆ. ಅಲ್ಲಿಯೂ ಯಾವನೋ ಒಬ್ಬ ಹುಡುಗ ತಪ್ಪು ಅರ್ಥ ಬರೆದುಕೊಂಡು ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿರಬೇಕು.

1930ರಲ್ಲಿ ಬಿ.ಎಂ.ಶ್ರೀ. ತಾವು ಓದಿದ ಸೆಂಟ್ರಲ್ ಕಾಲೇಜಿಗೇ ಇಂಗ್ಲಿಷ್ ಪ್ರೊಫೆಸರ್ ಆಗಿ ಬಂದರು. 1938ರಲ್ಲಿ ಮೈಸೂರು ಮಹಾರಾಜರು ರಾಜಸೇವಾಸಕ್ತ ಎಂಬ ಬಿರುದು ಕೊಟ್ಟರು. ಅದೇ ವರ್ಷ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾದರು. ಪರಿಷತ್ತಿನ 'ಕನ್ನಡ ನುಡಿ' ಪತ್ರಿಕೆ, ಕನ್ನಡ ಪರೀಕ್ಷೆಗಳು, ಮಹಿಳಾ ಶಾಖೆ ಎಲ್ಲ ಅವರು ಅಲ್ಲಿದ್ದ ಕಾಲದವು. ಅವರ ಸ್ವಂತ ಕವನಗಳ 'ಹೊಂಗನಸುಗಳು' 1943ರಲ್ಲಿ ಬಂತು. ಆದರೆ ಜನ ನೆನಪಿಟ್ಟುಕೊಂಡದ್ದು ಅನುವಾದಗಳನ್ನು. ಆಮೇಲೆ ಧಾರವಾಡದ ಕಾಲೇಜೊಂದಕ್ಕೆ ಪ್ರಿನ್ಸಿಪಾಲರಾಗಿ ಹೋದರು. ಯುವಕನಾಗಿ ಭಾಷಣ ಮಾಡಿದ ಊರಿನಲ್ಲೇ 1946ರ ಜನವರಿ 5ರಂದು ತೀರಿಕೊಂಡರು. ಎರಡು ದಿನದ ಹಿಂದೆ ಅವರಿಗೆ 62 ತುಂಬಿತ್ತು.

ಇನ್ನು ನನ್ನ ಕಥೆ. ಕಾರಿ ಹೆಗ್ಗಡೆ ಓದಿದ ವಾರ ನಾನೂ ನನ್ನ ಗೆಳತಿಯೂ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಗೆರೆ ಹಾಕಿದೆವು. ಮೊದಲು ಎರಡು ಕಾಲಂ: ಇಂಗ್ಲಿಷ್, ಕನ್ನಡ. ಎರಡೇ ದಿನಕ್ಕೆ ಮೂರನೆಯದು ಬೇಕಾಯಿತು: ಮನೆ. 'ಕ್ರೆಡಿಟ್' ಮತ್ತು 'ಡೆಬಿಟ್' ನಮಗೆ ತಲೆನೋವಾಗಿದ್ದವು. ಅಂಗಡಿ ಇಟ್ಟಿದ್ದ ನಾನಾ ಪುಸ್ತಕ ಬರೆಯುತ್ತಿದ್ದದ್ದು ಹೇಗೆ ಎಂದು ನಾನಿಯನ್ನು ಕೇಳಿದೆ. ಜಮಾ, ಖರ್ಚು ಎಂದರು. ಕನ್ನಡದಲ್ಲೂ ಜಮಾಖರ್ಚೇ! ಜಮಾ ಅರಬ್ಬಿ, ಖರ್ಚು ಫಾರಸಿ. ಆಮೇಲೆ ನಮ್ಮ ಕಾಲೇಜು ಆಫೀಸಿನ ಗೋಡೆ ನೋಡಿದರೆ ಹಾಜರಿ, ರಜಾ, ಅರ್ಜಿ, ಬಾಕಿ, ತಾರೀಖು, ಎಲ್ಲವೂ ಮೂರನೇ ಕಾಲಂನಿಂದ ಎರಡನೇ ಕಾಲಂಗೆ ಎಂದೋ ನಡೆದುಹೋದವು. ಮೈಲಾರಯ್ಯನವರ ವಕೀಲಿಯೂ ಹಾಗೆಯೇ. ಕನ್ನಡ ನನಗೆ ಎರಡನೆಯ ಭಾಷೆ ಎಂದುಕೊಂಡಿದ್ದವಳಿಗೆ, ನಮ್ಮವರ ಸಾಮಾನು ಆ ಮನೆಯಲ್ಲಿ ಮೊದಲೇ ಇತ್ತು ಎಂದು ಗೊತ್ತಾಯಿತು.

ಮಗ್ಗದ ಕೆಲಸ ಮಾಡುವ ಅಬ್ಬಾ ಹತ್ತಿರ ಕೂತರೆ ಇನ್ನೊಂದು ಪುಟ ತುಂಬಿತು. 'ಶಟಲ್' ಲಾಳಿ, 'ವಾರ್ಪ್' ಹಾಸು, 'ವೆಫ್ಟ್' ಹೊಕ್ಕು. ಹಾಸುಹೊಕ್ಕು ಎಂದು ಪ್ರಬಂಧದಲ್ಲಿ ಎಷ್ಟು ಸಲ ಬರೆದಿದ್ದೇನೆ, ಅದು ಅಬ್ಬಾನ ಕೈಕೆಳಗೆ ದಿನವೂ ಓಡುತ್ತಿದೆ ಎಂದು ಯೋಚಿಸಿರಲಿಲ್ಲ. 'ಬೀಮ್'ಗೆ ಏನೆನ್ನುತ್ತೀರಿ ಎಂದು ಕೇಳಿದೆ. ಬೀಮು ಎಂದರು. ಅದನ್ನು ಹಾಗೆಯೇ ಬರೆದುಕೊಂಡೆವು.

ಕಷ್ಟವಾದದ್ದು ಸಣ್ಣ ಮಾತುಗಳು. 'ಗುಡ್ ಮಾರ್ನಿಂಗ್'ಗೆ ಶುಭೋದಯ ಎಂದು ಬರೆದು ಹೊಡೆದುಹಾಕಿದೆವು. ಹಾಗೆಂದು ಯಾರು ಯಾರಿಗೆ ಹೇಳುತ್ತಾರೆ? ಬೆಳಿಗ್ಗೆ ಸಿಕ್ಕವರು ತಿಂಡಿ ಆಯ್ತಾ ಎನ್ನುತ್ತಾರೆ. 'ಸಾರಿ'ಗೆ ಕ್ಷಮಿಸಿ ಬೇಡ, ತಪ್ಪಾಯ್ತು ಇರಲಿ ಎಂದುಕೊಂಡೆವು. 'ಥ್ಯಾಂಕ್ ಯೂ' ಎರಡು ವಾರ ಖಾಲಿ ಇತ್ತು. ಧನ್ಯವಾದ ಸ್ಟೇಜಿನ ಮೇಲಿನ ಮಾತು, ಶುಕ್ರಿಯಾ ನಮ್ಮ ಮನೆಯಲ್ಲಿ ನೆಂಟರಿಗೆ ಮಾತ್ರ. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಹಳ್ಳಿಯ ಅಜ್ಜಿಯೊಬ್ಬರಿಗೆ ಗೆಳತಿ ನೀರಿನ ಬಾಟಲು ಕೊಟ್ಟಳು. ಕುಡಿದು, ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ ಎಂದರು. ಇಬ್ಬರೂ ಮುಖ ನೋಡಿಕೊಂಡೆವು. ಬಸ್ಸಿನಲ್ಲೇ ಬರೆದೆವು. ಹೊರಡುವಾಗ ಕನ್ನಡದವರು ಹೋಗ್ತೀನಿ ಎನ್ನುವುದಿಲ್ಲ, ಹೋಗಿಬರ್ತೀನಿ ಎನ್ನುತ್ತಾರೆ. ನಮ್ಮ ಮನೆಯಲ್ಲೂ ಜಾಕೋ ಆತೂಂ. ಇಂಗ್ಲಿಷಿನ 'ಬೈ'ಯಲ್ಲಿ ಈ ಬರುವುದು ಎಲ್ಲಿದೆ ಎಂದು ನಾವು ಇನ್ನೂ ಹುಡುಕುತ್ತಿದ್ದೇವೆ.

ಟೈಲರಿಂಗ್ ಕಲಿತಿದ್ದೇನೆ, ಭಾನುವಾರಗಳಲ್ಲಿ. ಓದು ಬಿಟ್ಟಿಲ್ಲ. ಫಸ್ಟ್ ಪಿಯುಸಿ ಅಕೌಂಟೆನ್ಸಿಯಲ್ಲಿ ಪಾಸಾದೆ, ಅಂಕ ಇಲ್ಲಿ ಬರೆಯುವಷ್ಟು ದೊಡ್ಡದಲ್ಲ. ನೋಟ್‌ಬುಕ್ಕನ್ನು ಈ ವರ್ಷ ಬಂದ ಕನ್ನಡ ಮಾಧ್ಯಮದ ಹುಡುಗಿಯರು ತೆಗೆದುಕೊಂಡು ಹೋಗುತ್ತಾರೆ, ಅವರೂ ಸೇರಿಸುತ್ತಾರೆ, ಕೆಲವು ಕಡೆ ನಮ್ಮ ಅರ್ಥ ತಪ್ಪೆಂದು ಕೆಂಪು ಪೆನ್ನಿನಲ್ಲಿ ಗೀಚಿದ್ದಾರೆ.

ಸೆಕೆಂಡ್ ಪಿಯುಸಿಯ ಪಾಲುದಾರಿಕೆ ಲೆಕ್ಕದಲ್ಲಿ 'ಗುಡ್‌ವಿಲ್' ಬರುತ್ತದೆ. ಡಿಕ್ಷನರಿ ಸದ್ಭಾವನೆ ಎನ್ನುತ್ತದೆ. ಅಂಗಡಿ ಮಾರುವಾಗ ಯಾರೂ ಸದ್ಭಾವನೆಗೆ ದುಡ್ಡು ಕೇಳುವುದಿಲ್ಲ. ನಾನಿ ಅದಕ್ಕೆ ದುಕಾನ್ ಕಾ ನಾಮ್ ಎಂದರು, ಮೂರನೇ ಕಾಲಂ ತುಂಬಿದೆ. ಎರಡನೆಯದರಲ್ಲಿ ಅಂಗಡಿಯ ಹೆಸರು ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇವೆ, ಇನ್ನೂ ಪೆನ್ನಿನಲ್ಲಿ ತಿದ್ದಿಲ್ಲ. ನಿಮ್ಮ ಮನೆಯಲ್ಲಿ ವ್ಯಾಪಾರ ಮಾಡುವವರಿದ್ದರೆ ಕೇಳಿ ಬನ್ನಿ. ನೋಟ್‌ಬುಕ್ ಲೈಬ್ರರಿಯ ಕಿಟಕಿ ಪಕ್ಕದ ಮೇಜಿನ ಮೇಲೆ ಇರುತ್ತದೆ.